ಎಡಗೈಲಿ ಅಣ್ಣ, ಬಲಗೈಲಿ ತಮ್ಮ



ಇವತ್ತು ರಾಜಕೀಯ ಇಲ್ಲ. ರಾಜೀನಾಮೆ ಇಲ್ಲ, ರೆಸಾರ್ಟ್ ಇಲ್ಲ, ಯಾರು ಯಾರಿಗೆ ಏನಂದರು ಅನ್ನೋದೂ ಇಲ್ಲ. ಇವತ್ತು ನಾನು ಮಾತಾಡೋದು ಒಂದು ವಿಡಿಯೋ ಗೇಮ್ ಬಗ್ಗೆ. ರಿಮೋಟ್‌ಗೆ ಕೈ ಹಾಕಬೇಡಿ, ಸ್ವಲ್ಪ ತಡೀರಿ. ಗೇಮ್ ಅಂದ್ರೆ ನಮಗೇನು ಸಂಬಂಧ ಅಂತ ಕೇಳೋ ಅಪ್ಪ ಅಮ್ಮಂದಿರೇ, ಈ ಮಾತು ಮಕ್ಕಳಿಗಿಂತ ಹೆಚ್ಚಾಗಿ ನಿಮಗೆ. ನಿಮಗಿಂತ ಹೆಚ್ಚಾಗಿ ನನಗೆ.

ಮೊದಲು ತಪ್ಪೊಪ್ಪಿಗೆ. ಇದೇ ಕುರ್ಚಿಯಲ್ಲಿ ಕೂತು ನಾನು ಗೇಮ್‌ಗಳ ಬಗ್ಗೆ ಎಷ್ಟು ಸಲ ಗಂಟಲು ಹರ್ಕೊಂಡಿದ್ದೀನಿ ಅನ್ನೋದಕ್ಕೆ ಲೆಕ್ಕ ಇಲ್ಲ. 2017ರಲ್ಲಿ ಬ್ಲೂ ವೇಲ್ ಭಯ ಎದ್ದಾಗ ಕೂಗಿದೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧ ಆದಾಗ ಕೂಗಿದೆ. ಆನ್‌ಲೈನ್ ರಮ್ಮಿಯಲ್ಲಿ ಮನೆ ಮಠ ಕಳ್ಕೊಂಡವರ ಸುದ್ದಿ ಬಂದಾಗಲೆಲ್ಲ ಕೂಗಿದೆ. ಹಿಂದೆ ಕೆಂಪು ಬಣ್ಣದ ಗ್ರಾಫಿಕ್ಸ್, ಮುಂದೆ ನಾನು. ಆ ಸುದ್ದಿಗಳು ಸುಳ್ಳಲ್ಲ. ಆದರೆ ಬಾಯಿಗೆ ಬಂದ ಒಂದು ಮಾತು ಇತ್ತಲ್ಲ, 'ಮಕ್ಕಳ ಕೈಲಿ ಗೇಮ್ ಕಂಡರೆ ಕಿತ್ತುಕೊಳ್ಳಿ, ಆಮೇಲೆ ಮಾತಾಡಿ' ಅಂತ, ಆ ಮಾತು ಎಲ್ಲಿಗೆ ಹೋಗಿ ತಲುಪಿತು ಅನ್ನೋದನ್ನ ಈಗ ಹೇಳ್ತೀನಿ.

ಅದು ತಲುಪಿದ್ದು ಐಹೊಳೆಗೆ.

ಹುನಗುಂದ ತಾಲ್ಲೂಕಿನ ಐಹೊಳೆ. ಮಲಪ್ರಭೆಯ ದಡ. ಚಾಲುಕ್ಯರು ಕಲ್ಲಿನಲ್ಲಿ ಗುಡಿ ಕಟ್ಟೋದು ಹೇಗೆ ಅಂತ ಕೈ ಪಳಗಿಸಿಕೊಂಡ ಊರು. ನೂರಕ್ಕೂ ಹೆಚ್ಚು ಗುಡಿಗಳು. ಹುಚ್ಚಿಮಲ್ಲಿ ಗುಡಿ, ಗೌಡರ ಗುಡಿ, ಚಿಕ್ಕಿ ಗುಡಿ, ಲಾಡಖಾನ್ ಗುಡಿ. ಲಾಡಖಾನ್ ಅನ್ನೋನು ದೇವರೂ ಅಲ್ಲ, ರಾಜನೂ ಅಲ್ಲ. ಆ ಗುಡಿಯೊಳಗೆ ಒಂದು ಕಾಲದಲ್ಲಿ ವಾಸ ಮಾಡಿಕೊಂಡಿದ್ದ ಮನುಷ್ಯ. ಅವನ ಹೆಸರೇ ಗುಡಿಗೆ ಉಳಿದುಹೋಯ್ತು. ಗುಡಿ ಎಲ್ಲಿ ಮುಗೀತು, ಮನೆ ಎಲ್ಲಿ ಶುರುವಾಯ್ತು ಅಂತ ಹೇಳೋಕಾಗದ ಊರು ಅದು. ಆ ಮನೆಗಳ ಬದುಕಿನ ಮೇಲೆ ಒಂದು ಕಾರ್ಯಕ್ರಮ ಮಾಡಬೇಕು ಅಂತ ನಾವು ಹೋಗಿದ್ವಿ. ಮರುದಿನ ಬೆಳಗ್ಗೆ ಸೂರ್ಯ ಹುಟ್ಟೋ ಹೊತ್ತಿಗೆ ಮೇಗುತಿ ಗುಡ್ಡದ ಮೇಲೆ ಕ್ಯಾಮೆರಾ ಇಡಬೇಕಿತ್ತು. ಅದಕ್ಕೆ ರಾತ್ರಿ ಅಲ್ಲೇ ಉಳ್ಕೊಂಡ್ವಿ. ನಮ್ಮ ಕ್ಯಾಮೆರಾಮನ್‌ಗೆ ಪರಿಚಯದವರ ಮನೆ. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಮೊಸರು. ಊಟ ಆಯ್ತು.

ಕೈ ತೊಳೆದು ಬಂದು ಕೂತಾಗ ಮನೆಯ ತಾಯಿ ಬಂದರು. ಇಳಕಲ್ ಸೀರೆಯ ಸೆರಗು ತಲೆ ಮೇಲೆ. ಹೆಸರು ಹೇಳೋದಿಲ್ಲ. ಟಿವಿಯಲ್ಲಿ ನನ್ನ ಹೆಸರು ಬ್ಯಾಡ್ರಿ ಅಂದಿದ್ದಾರೆ.

"ಸರ, ನೀವ ಟಿವಿಯಾಗ ಹೇಳಿದ್ದು ನಾ ಕೇಳೀನ್ರಿ. ಅವತ್ತ ಈ ಹುಡುಗನ ಲ್ಯಾಪ್‌ಟಾಪ್ ಕಸಕೊಂಡು ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕೀನಿ. ಈಗ ನೀವ ಬಂದೀರಿ, ಇವಂಗ ಒಂದೀಟು ಬುದ್ಧಿ ಹೇಳ್ರಿ."

ಹುಡುಗ ಬಾಗಿಲ ಹತ್ತಿರ ನಿಂತಿದ್ದ. ಪಿಯುಸಿ ಎರಡನೇ ವರ್ಷ. ತಲೆ ತಗ್ಗಿಸಿದ್ದ. ಅವನ ಅಣ್ಣ ಗೋವಾದಲ್ಲಿ ದುಡೀತಾನೆ. ಬಾಗಲಕೋಟೆ ಕಡೆಯ ಹುಡುಗರಿಗೆ ಗೋವಾ ಅಂದ್ರೆ ಸಮುದ್ರ ನೋಡೋ ಊರಲ್ಲ, ಕೂಲಿಗೆ ಹೋಗೋ ಊರು. ತಮ್ಮನ ಓದಿಗೆ ಬೇಕಾಗುತ್ತೆ ಅಂತ ಯಾರೋ ಬಳಸಿ ಬಿಟ್ಟ ಒಂದು ಲ್ಯಾಪ್‌ಟಾಪ್ ಕೊಂಡು ತಂದಿದ್ದ. ಜೊತೆಗೊಂದು ಹಳೇ ಜಾಯ್‌ಸ್ಟಿಕ್.

ನನಗೆ ಒಳಗೊಳಗೇ ಹೆಮ್ಮೆ ಆಯ್ತು, ಸುಳ್ಳು ಹೇಳಲ್ಲ. ನನ್ನ ಮಾತು ಐಹೊಳೆಯಲ್ಲೂ ನಡೀತದೆ ಅಂತ. ಗಂಟಲು ಸರಿ ಮಾಡ್ಕೊಂಡು ಕೇಳಿದೆ: "ಯಾವ ಆಟ ಅದು? ದುಡ್ಡು ಹಾಕಿ ಆಡೋದಾ?"

"ಅಲ್ರೀ ಸರ. ರೊಕ್ಕದ ಆಟ ಅಲ್ರೀ. ಅಣ್ಣ-ತಮ್ಮರ ಆಟರೀ."

"ರಾತ್ರಿಯೆಲ್ಲ ಆಡ್ತೀಯಂತೆ?"

"ಅದು ಇರೂದ ಮೂರ ತಾಸಿಂದ್ರೀ. ಮುಗದ ಹೋಗತೈತ್ರೀ."

ಮುಗಿದು ಹೋಗುತ್ತಾ? ನಾನು ಮೂರ್ನಾಲ್ಕು ವರ್ಷದಿಂದ ಕೂಗಿದ್ದು ಮುಗಿಯದ ಆಟಗಳ ಬಗ್ಗೆ. ಮುಗಿಯೋ ಆಟನೂ ಇರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ. "ಅಕ್ಕಾ, ಬುದ್ಧಿ ಆಮೇಲೆ ಹೇಳ್ತೀನಿ. ಮೊದಲು ಟ್ರಂಕ್ ತೆಗೀರಿ, ನೋಡೋಣ" ಅಂದೆ. ಆ ತಾಯಿ ನನ್ನ ಮುಖ ನೋಡಿದರು. ಟಿವಿಯಲ್ಲಿ ಒಂದು ಮಾತು, ಮನೆಯಲ್ಲಿ ಒಂದು ಮಾತಾ ಅನ್ನೋ ಹಂಗೆ. ಕೀಲಿ ತೆಗೆದರು.

ಆಟದ ಹೆಸರು 'ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್'. 2013ರಲ್ಲಿ ಬಂದದ್ದು. ಸ್ವೀಡನ್ ದೇಶದ ಸ್ಟಾರ್‌ಬ್ರೀಜ್ ಅನ್ನೋ ಸಂಸ್ಥೆ ಮಾಡಿದ್ದು. ನಿರ್ದೇಶಕ ಜೋಸೆಫ್ ಫಾರೆಸ್. ಈತ ಹುಟ್ಟಿದ್ದು ಲೆಬನಾನ್ ದೇಶದ ಬೈರೂತ್‌ನಲ್ಲಿ. ಅಲ್ಲಿನ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಚಿಕ್ಕಂದಿನಲ್ಲೇ ಮನೆಯವರ ಜೊತೆ ಸ್ವೀಡನ್‌ಗೆ ಬಂದವನು. ಮೊದಲು ಸಿನಿಮಾ ಮಾಡ್ತಿದ್ದ. ಇದು ಆತನ ಮೊದಲ ಆಟ. 2014ರಲ್ಲಿ ಬ್ರಿಟನ್ನಿನ ಬಾಫ್ತಾದವರು ಹೊಸತನಕ್ಕೆ ಕೊಡೋ ಪ್ರಶಸ್ತಿಯನ್ನ ಇದಕ್ಕೆ ಕೊಟ್ಟರು. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಅವತ್ತು ರಾತ್ರಿ ನಾನು ನೋಡಿದ್ದು ಇಷ್ಟು: ಒಂದು ಹಳ್ಳಿ, ಒಬ್ಬ ತಂದೆ, ಇಬ್ಬರು ಮಕ್ಕಳು. ತಾಯಿ ನೀರಲ್ಲಿ ಮುಳುಗಿ ಸತ್ತಿದ್ದಾಳೆ. ಕಣ್ಣೆದುರೇ ಮುಳುಗಿದ್ದು, ಕಿರಿಯವನು ಉಳಿಸೋಕಾಗಲಿಲ್ಲ. ಅವತ್ತಿಂದ ಅವನಿಗೆ ನೀರು ಕಂಡರೆ ಭಯ. ಈಗ ತಂದೆಗೆ ಕಾಯಿಲೆ. ಬಹುದೂರದ ಒಂದು ಮಹಾವೃಕ್ಷದಿಂದ ಜೀವಜಲ ತಂದರೆ ಮಾತ್ರ ತಂದೆ ಉಳೀತಾನೆ. ಅಣ್ಣ ತಮ್ಮ ಹೊರಡ್ತಾರೆ.

ನಮ್ಮ ಅಜ್ಜಿ ಕಥೆ ಅಲ್ವಾ ಇದು? ಏಳು ಸಮುದ್ರ ದಾಟಿ ಸಂಜೀವಿನಿ ತರೋ ಕಥೆ. ಹೊಸದೇನೂ ಇಲ್ಲ. ಹೊಸದಿರೋದು ಆಡೋ ರೀತಿಯಲ್ಲಿ. ಜಾಯ್‌ಸ್ಟಿಕ್‌ನ ಎಡಗಡ್ಡಿ ಅಣ್ಣ, ಬಲಗಡ್ಡಿ ತಮ್ಮ. ಎಡಗಡೆ ಒಂದು ಬಟನ್, ಅದು ಅಣ್ಣನ ಕೆಲಸಕ್ಕೆ. ಬಲಗಡೆ ಒಂದು ಬಟನ್, ಅದು ತಮ್ಮನ ಕೆಲಸಕ್ಕೆ. ಎರಡು ಹೆಬ್ಬೆರಳಲ್ಲಿ ಇಬ್ಬರನ್ನೂ ಒಟ್ಟಿಗೆ ನಡೆಸಬೇಕು. ಅಣ್ಣ ಬಲವಂತ, ಭಾರ ಎಳೀತಾನೆ. ತಮ್ಮ ಸಣ್ಣವನು, ಸರಳಿನ ಸಂದಿಯಲ್ಲಿ ತೂರ್ತಾನೆ. ದಾರಿಯಲ್ಲಿ ಯಾರಾದ್ರೂ ಸಿಕ್ಕಿದ್ರೆ ಅಣ್ಣ ದಾರಿ ಕೇಳ್ತಾನೆ, ತಮ್ಮ ಕೀಟಲೆ ಮಾಡ್ತಾನೆ. ನೀರು ಬಂದರೆ ತಮ್ಮ ಅಣ್ಣನ ಬೆನ್ನಿಗೆ ಆತ್ಕೋತಾನೆ, ಅಣ್ಣ ಈಜ್ತಾನೆ. ಅಂಕ ಇಲ್ಲ, ನಾಣ್ಯ ಇಲ್ಲ, ಪಕ್ಕದ ಮನೆಯವನನ್ನ ಸೋಲಿಸೋದು ಇಲ್ಲ. ಅಲ್ಲಲ್ಲಿ ಕಲ್ಲು ಬೆಂಚು ಇರುತ್ತೆ. ಇಬ್ಬರನ್ನೂ ಕೂರಿಸಿದರೆ ಸುಮ್ಮನೆ ಕೂತು ಬೆಟ್ಟ ಕಣಿವೆ ನೋಡ್ತಾರೆ. ಅಷ್ಟೇ.

"ಇವರು ಮಾತಾಡೋದು ಯಾವ ಭಾಷೆಯಪ್ಪಾ?" ಅಂದೆ. ಇಂಗ್ಲಿಷ್ ಅಲ್ಲ, ಏನೂ ಅಲ್ಲ.

"ಯಾವ್ದೂ ಅಲ್ರೀ ಸರ. ಅದು ಯಾರಿಗೂ ಬರಂಗಿಲ್ರೀ."

ಈ ಮಾತನ್ನ ಇನ್ನೊಂದು ಸಲ ಕೇಳಿ. ಯಾರಿಗೂ ಬರಂಗಿಲ್ಲ. ಆ ಭಾಷೆ ಕಟ್ಟಿದ್ದು ಆಟಕ್ಕಾಗಿ. ಕೆಳಗೆ ಅಕ್ಷರ ಓಡೋದಿಲ್ಲ. ದನಿ, ಮುಖ, ಕೈಸನ್ನೆ, ಅಷ್ಟರಲ್ಲೇ ಕಥೆ. ಇಂಗ್ಲಿಷ್ ಬರಲ್ಲ ಅಂತ ಎಲ್ಲ ಕಡೆ ಒಂದು ಹೆಜ್ಜೆ ಹಿಂದೆ ನಿಲ್ಲೋ ನಮ್ಮ ಹಳ್ಳಿ ಹುಡುಗ ಈ ಒಂದು ಆಟದ ಮುಂದೆ ಲಂಡನ್ನಿನ ಹುಡುಗನ ಸಮಕ್ಕೆ ಕೂತಿದ್ದಾನೆ. ಇಬ್ಬರಿಗೂ ಅರ್ಥ ಆಗೋದು ಅಷ್ಟೇ, ಆಗದೇ ಇರೋದೂ ಅಷ್ಟೇ. ಪಕ್ಕದಲ್ಲಿ ಕೂತಿದ್ದ ಆ ತಾಯಿಗೂ ಅಷ್ಟೇ. ಅವರು ಶಾಲೆ ಮೆಟ್ಟಿಲು ಹತ್ತಿದವರಲ್ಲ. ಹತ್ತು ನಿಮಿಷದಲ್ಲಿ ಅವರು ಕಥೆಯೊಳಗಿದ್ದರು.

ಮಧ್ಯೆ ಒಂದು ಜಾಗ ಬರುತ್ತೆ. ದೈತ್ಯರ ಯುದ್ಧ ಮುಗಿದಿದೆ. ಗುಡ್ಡದ ಗಾತ್ರದ ಹೆಣಗಳು. ಅವುಗಳ ನಡುವೆ ರಕ್ತದ ಹೊಳೆ, ನೀರೆಲ್ಲ ಕೆಂಪು. ಅದನ್ನ ಕಂಡ ಕೂಡಲೇ ಆ ತಾಯಿಯ ಬಾಯಿಂದ ಬಂತು: "ಅಯ್ಯೋ, ಹೊಳಿ!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದ್ವಿ. ಯಾಕೆ ಅಂತ ಆ ಸೀಮೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳ್ತೀನಿ. ಪರಶುರಾಮ ಕ್ಷತ್ರಿಯರನ್ನ ಕೊಂದು ಬಂದು ಮಲಪ್ರಭೆಯಲ್ಲಿ ಕೊಡಲಿ ತೊಳೆದನಂತೆ. ನೀರು ಕೆಂಪಾಯ್ತಂತೆ. ನೀರಿಗೆ ಬಂದ ಹೆಣ್ಣುಮಗಳೊಬ್ಬಳು 'ಅಯ್ಯೋ ಹೊಳೆ' ಅಂತ ಚೀರಿದಳಂತೆ. ಅದೇ ಐಹೊಳೆ ಆಯ್ತು ಅಂತ ಊರವರ ಕಥೆ. ಇತಿಹಾಸಕಾರರು ಒಪ್ಪೋದಿಲ್ಲ, ಶಾಸನಗಳಲ್ಲಿರೋದು ಆರ್ಯಪುರ, ಅಯ್ಯಾವೊಳೆ. ಇರಲಿ. ಊರಿನ ಹೆಸರಿಗೆ ಕಥೆ ಕಟ್ಟಿಕೊಂಡ ಜನ, ಸ್ವೀಡನ್ನಿನವರು ಬರೆದ ಹೊಳೆಯನ್ನ ನೋಡಿದ ತಕ್ಷಣ ತಮ್ಮದು ಅಂತ ಗುರುತು ಹಿಡಿದರಲ್ಲ, ನಾನು ಹೇಳ್ತಿರೋದು ಅದನ್ನ.

ಈಗ ಒಂದು ವಿನಂತಿ. ಈ ಆಟ ಆಡಬೇಕು ಅಂತಿರೋರು ದಯವಿಟ್ಟು ಎರಡು ನಿಮಿಷ ಟಿವಿ ಮ್ಯೂಟ್ ಮಾಡಿ. ನಾನು ಕೊನೆ ಹೇಳ್ತಿದ್ದೀನಿ. ಬ್ರೇಕಿಂಗ್ ನ್ಯೂಸ್ ಮನುಷ್ಯ, ಸುದ್ದಿ ತಡೆದು ಅಭ್ಯಾಸ ಇಲ್ಲ. ಆದರೆ ಆಡಿದವರೆಲ್ಲ ಒಂದೇ ಮಾತು ಹೇಳಿದ್ದಾರೆ, ಕೊನೆ ಗೊತ್ತಿಲ್ಲದೆ ಆಡಬೇಕು ಅಂತ. ಅದಕ್ಕೆ ಮರ್ಯಾದೆ ಕೊಡೋಣ.

ಮ್ಯೂಟ್ ಮಾಡಿದ್ರಾ? ಸರಿ.

ಮಹಾವೃಕ್ಷದ ಬುಡದಲ್ಲಿ ಅಣ್ಣ ಸಾಯ್ತಾನೆ. ತಮ್ಮ ಜೀವಜಲ ತಗೊಂಡು ಮರ ಇಳಿದು ಬರೋ ಹೊತ್ತಿಗೆ ಅಣ್ಣ ಇಲ್ಲ. ತಮ್ಮನೇ ಗುಂಡಿಯಲ್ಲಿ ಮಲಗಿಸ್ತಾನೆ, ತಮ್ಮನೇ ಮಣ್ಣು ಎಳೀತಾನೆ. ಆ ಮಣ್ಣು ಎಳಿಯೋ ಕೆಲಸ ಆಟ ತಾನಾಗೇ ತೋರಿಸೋದಿಲ್ಲ, ಆಡೋನೇ ಮಾಡಬೇಕು, ಬಟನ್ ಒತ್ತಿ ಒತ್ತಿ. ಆಮೇಲಿಂದ ನಿಮ್ಮ ಎಡಗೈಗೆ ಕೆಲಸ ಇಲ್ಲ. ಎಡ ಹೆಬ್ಬೆರಳು ಸುಮ್ಮನೆ ಕೂತಿರುತ್ತೆ. ಮೂರು ತಾಸು ಎರಡು ಕೈಲಿ ಆಡಿದವನಿಗೆ ಒಂದು ಕೈ ಖಾಲಿ.

ತಮ್ಮ ಒಬ್ಬನೇ ಊರ ಹತ್ತಿರ ಬರ್ತಾನೆ. ಬಿರುಗಾಳಿ, ಮಳೆ. ಎದುರಿಗೆ ನೀರು. ಅವನಿಗೆ ಈಜು ಬರಲ್ಲ. ಈ ಹಂತಕ್ಕೆ ಬಂದಾಗ ಆ ಹುಡುಗ ಜಾಯ್‌ಸ್ಟಿಕ್ ನನ್ನ ಕೈಗೆ ಕೊಟ್ಟ. "ನೀವ ಆಡ್ರಿ ಸರ" ಅಂದ. ನಾನು ಬಲಗಡ್ಡಿ ತಳ್ಳಿದೆ. ಹುಡುಗ ನೀರಿನ ತನಕ ಹೋಗಿ ಹಿಂದೆ ಸರೀತಾನೆ. ತಮ್ಮನ ಬಟನ್ ಒತ್ತಿದೆ. ಊಹೂಂ. ಮತ್ತೆ ಒತ್ತಿದೆ. ಆಗಲಿಲ್ಲ. ಹುಡುಗನ ಕಡೆ ನೋಡಿದೆ. ಅವನಿಗೆ ಗೊತ್ತು, ಆದರೆ ಹೇಳ್ತಿಲ್ಲ.

ಆ ತಾಯಿ ಹೇಳಿದರು. "ಅಣ್ಣಂದು ಒತ್ತಿ ನೋಡ್ರಿ."

ಎಡಗಡೆ ಬಟನ್ ಒತ್ತಿದೆ. ತಮ್ಮ ನೀರಿಗಿಳಿದು ಈಜಿದ.

ವೀಕ್ಷಕರೇ, ನಾನು ಸಾವಿರ ಸಾವಿನ ಸುದ್ದಿ ಓದಿದ್ದೀನಿ. ಓದಿ, ಮುಂದಿನ ಸುದ್ದಿಗೆ ಹೋಗಿದ್ದೀನಿ. ಹೋದವರು ಎಲ್ಲಿ ಹೋಗ್ತಾರೆ, ಅವರ ಬಲ ಯಾರಿಗೆ ಬರುತ್ತೆ ಅನ್ನೋದನ್ನ ಒಂದು ಬೆರಳು ನನಗೆ ಹೇಳಿದ್ದು ಅವತ್ತೇ ಮೊದಲು. ಸಿನಿಮಾದಲ್ಲಿ ಅದನ್ನ ತೋರಿಸಬಹುದು. ಪುಸ್ತಕದಲ್ಲಿ ಬರೀಬಹುದು. ಆದರೆ ನನ್ನ ಕೈಯಿಂದಲೇ ಮಾಡಿಸೋದು ಆಟದಲ್ಲಿ ಮಾತ್ರ ಸಾಧ್ಯ. ಮೂರು ಗಂಟೆ ಆ ಬಟನ್ನನ್ನ 'ಅಣ್ಣ' ಅಂತ ಕೈಗೆ ರೂಢಿ ಮಾಡಿಸಿ, ಕೊನೆಗೆ ಒಂದೇ ಒಂದು ಸಲ ಅದರ ಅರ್ಥ ಬದಲಾಯಿಸಿದ್ದಾರೆ.

ಮ್ಯೂಟ್ ತೆಗೀರಿ.

ಆಟ ಮುಗೀತು. ರಾತ್ರಿ ಹನ್ನೆರಡೂವರೆ. ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗ ತಾನಾಗೇ ಹೇಳಿದ. ಪಂಚಮಿ ಹಬ್ಬಕ್ಕೆ ಅಣ್ಣ ಊರಿಗೆ ಬಂದಾಗ ಇಬ್ಬರೂ ಒಂದೇ ಜಾಯ್‌ಸ್ಟಿಕ್ ಹಿಡ್ಕೊಂಡು ಆಡಿದ್ರಂತೆ. ಎಡ ಅರ್ಧ ಅಣ್ಣ, ಬಲ ಅರ್ಧ ಇವನು. ಭುಜಕ್ಕೆ ಭುಜ ತಾಗಿಸಿ. "ಈಗ ಅಣ್ಣನ ಪಾಲಿಂದೂ ನಾನ ಆಡತೀನ್ರೀ" ಅಂದ.

ತಾಯಿ ಎದ್ದರು. "ಅಣ್ಣಗ ಫೋನ್ ಹಚ್ಚು" ಅಂದರು. ಇಷ್ಟೊತ್ತಿನಲ್ಲಾ ಅಂದ ಹುಡುಗ. ಹಚ್ಚು ಅಂದರು. ಆ ಕಡೆಯಿಂದ ನಿದ್ದೆಗಣ್ಣಿನ ದನಿ, ಗಾಬರಿ. ಏನಾತು ಅಂತ. ಈ ತಾಯಿ ಕೇಳಿದ್ದು ಎರಡೇ ಮಾತು. "ಉಂಡ್ಯಾ? ಅಲ್ಲಿ ಮಳಿ ಐತೇನು?" ಅಷ್ಟೇ. ಫೋನ್ ಇಟ್ಟರು. ಲ್ಯಾಪ್‌ಟಾಪ್ ಟ್ರಂಕಿಗೆ ವಾಪಸ್ ಹೋಗಲಿಲ್ಲ. ಗೋಡೆಯ ಮಾಡದಲ್ಲಿ ಇಟ್ಟರು. "ಐತವಾರ ಒಂದಿನ. ಅಭ್ಯಾಸ ಮುಗಿದ ಮ್ಯಾಲ" ಅಂತ ತಾವೇ ಕಾನೂನು ಮಾಡಿದರು. ನಾನು ಹೇಳಬೇಕಾಗಿದ್ದ ಬುದ್ಧಿ ನನ್ನ ಬಾಯಲ್ಲೇ ಉಳೀತು.

ಬೆಳಗ್ಗೆ ಮೇಗುತಿ ಗುಡ್ಡ ಹತ್ತಿದ್ವಿ. ಅಲ್ಲಿ ಗೊತ್ತಲ್ಲ, ರವಿಕೀರ್ತಿಯ ಶಾಸನ, ಕ್ರಿ.ಶ. 634ರದ್ದು. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನ ತಡೆದ ಸಂಗತಿ ಅದರಲ್ಲಿದೆ. ಕಾಳಿದಾಸ, ಭಾರವಿ ಇಬ್ಬರ ಹೆಸರೂ ಅದರಲ್ಲಿದೆ. ಒಂದು ರಾಜವಂಶದ ಅಷ್ಟೂ ಕಥೆ. ಎಷ್ಟು ಸಾಲು ಗೊತ್ತಾ? 19. ಒಂದೇ ಕಲ್ಲು, 19 ಸಾಲು. ಹೋಗೋ ದಾರಿಯಲ್ಲಿ ಬಾದಾಮಿ. ಅಲ್ಲಿ ಕಪ್ಪೆ ಅರಭಟ್ಟನ ಶಾಸನ, ಕನ್ನಡದ ತ್ರಿಪದಿ ಮೊದಲು ಕಾಣಿಸಿಕೊಳ್ಳೋ ಕಲ್ಲು. ಅದು ಹತ್ತು ಸಾಲು. ಯಾರಾದ್ರೂ 'ಹತ್ತೇ ಸಾಲಾ, ಮೋಸ ಆಯ್ತು' ಅಂದಿದ್ದು ಕೇಳಿದ್ದೀರಾ?

ಇದನ್ನ ಯಾಕೆ ಹೇಳಿದೆ ಅಂದ್ರೆ, ಬೆಂಗಳೂರಿಗೆ ಬಂದ ಮೇಲೆ ನಾನು ಮಾಡಿದ ಕೆಲಸ ಏನು ಗೊತ್ತಾ? ಆಡೋರನ್ನ ಕೇಳಿದ್ದು. ಇಷ್ಟು ವರ್ಷ ನಮ್ಮ ಚರ್ಚೆಗೆ ಮನೋವೈದ್ಯರನ್ನ ಕರೆದಿದ್ದೀವಿ, ಪೊಲೀಸರನ್ನ ಕರೆದಿದ್ದೀವಿ, ಶಾಸಕರನ್ನ ಕರೆದಿದ್ದೀವಿ. ಆಡೋ ಹುಡುಗನನ್ನ ಕರೆದೇ ಇಲ್ಲ! ನಮ್ಮ ಆಫೀಸಿನ ವಿಡಿಯೋ ಎಡಿಟರ್ ಹುಡುಗಿ, ಅಪಾರ್ಟ್‌ಮೆಂಟಿನ ಮಕ್ಕಳು, ಕಾಲೇಜು ಹುಡುಗರು, ಒಬ್ಬರು ಬ್ಯಾಂಕ್ ಮ್ಯಾನೇಜರ್ ಕೂಡ. ಈ ಆಟ ಆಡಿದವರು ಸಿಕ್ಕಲ್ಲೆಲ್ಲ ಕೂರಿಸಿ ಕೇಳಿದೆ. ಅವರು ಹೇಳಿದ್ದನ್ನ ಇದ್ದ ಹಾಗೆ ನಿಮ್ಮ ಮುಂದೆ ಇಡ್ತೀನಿ.

ಮೊದಲ ದೂರು, ಗಿಡ್ಡ ಆಯ್ತು. ಮೂರು ಗಂಟೆ, ನಿಧಾನ ಆಡಿದರೆ ನಾಲ್ಕು. ಕೊಟ್ಟ ದುಡ್ಡಿಗೆ ನೂರು ಗಂಟೆ ಆಡೋ ಆಟಗಳಿವೆ, ಇದು ಒಂದು ಸಂಜೆಗೆ ಮುಗಿದುಹೋಯ್ತು ಅಂತಾರೆ. ಎರಡನೇ ದೂರು, ಸುಲಭ. ತಲೆ ಕೆಡಿಸಿಕೊಳ್ಳೋ ಒಗಟು ಇಲ್ಲ. ಮೂರನೇದು, ಕೈ ಗೊಂದಲ. ಅಣ್ಣ ಪರದೆಯ ಬಲಕ್ಕೆ, ತಮ್ಮ ಎಡಕ್ಕೆ ಹೋದಾಗ ಬೆರಳಿಗೂ ಕಣ್ಣಿಗೂ ಜಗಳ ಹತ್ತುತ್ತೆ. ನಾಲ್ಕನೇದು, 2024ರ ಫೆಬ್ರವರಿಯಲ್ಲಿ ಇದೇ ಆಟವನ್ನ ಹೊಸ ಚಿತ್ರಗಳಲ್ಲಿ ಮತ್ತೆ ಮಾಡಿ ಬಿಟ್ಟರಲ್ಲ, ಅದರ ಬಗ್ಗೆ. ಚೆಂದ ಆಗಿದೆ ಅನ್ನೋರು ಕೆಲವರು. ಹಳೇದರ ಮುಖಗಳೇ ಮನಸ್ಸಿನಲ್ಲಿ ಕೂತಿವೆ, ಹೊಸದು ಬೇಕಿರಲಿಲ್ಲ ಅನ್ನೋರು ಕೆಲವರು.

ಇಷ್ಟೆಲ್ಲ ದೂರು ಹೇಳಿದ ಮೇಲೆ ಅದೇ ಜನ ದನಿ ತಗ್ಗಿಸಿ ಇನ್ನೊಂದು ಮಾತು ಹೇಳ್ತಾರೆ. ಆಟ ಮುಗಿದ ಮೇಲೆ ಹೆಸರುಗಳು ಓಡ್ತಿರುತ್ತವಲ್ಲ, ಅದು ಮುಗಿಯೋ ತನಕ ಎದ್ದಿರಲಿಲ್ಲ ಅಂತ. ತಂಗಿಗೆ ಫೋನ್ ಮಾಡಿದೆ ಅಂತ ಒಬ್ಬರು. ಬ್ಯಾಂಕ್ ಮ್ಯಾನೇಜರ್ ಸಾಹೇಬರು ಹೇಳಿದ್ದು ಕೇಳಿ: "ಸರ್, ನೂರು ಗಂಟೆ ಆಡಿದ ಆಟದಲ್ಲಿ ನಾನು ಯಾರಾಗಿದ್ದೆ ಅಂತ ನೆನಪಿಲ್ಲ. ಇದರಲ್ಲಿ ನಾನು ತಮ್ಮ ಆಗಿದ್ದೆ."

ಹಾಗಾದ್ರೆ ಗಿಡ್ಡ ಅನ್ನೋ ದೂರು ಸುಳ್ಳಾ? ಅಲ್ಲ. ಇಲ್ಲೊಂದು ವ್ಯತ್ಯಾಸ ಇದೆ. ನಮ್ಮ ದೇಶದ್ದೇ ಉದಾಹರಣೆ ತಗೊಳ್ಳಿ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಅನ್ನೋ ಸಣ್ಣ ತಂಡ 2020ರಲ್ಲಿ 'ರಾಜಿ: ಆನ್ ಏನ್ಷಿಯಂಟ್ ಎಪಿಕ್' ಅಂತ ಆಟ ತಂದಿತು. ರಾಜಿ ಅನ್ನೋ ಹುಡುಗಿ, ಅವಳ ತಮ್ಮ ಗೋಲು. ಅಸುರರು ತಮ್ಮನನ್ನ ಎತ್ಕೊಂಡು ಹೋಗ್ತಾರೆ, ಅಕ್ಕ ಹುಡುಕ್ತಾ ಹೊರಡ್ತಾಳೆ. ಕಥೆ ಹೇಳೋರು ದುರ್ಗೆ ಮತ್ತು ವಿಷ್ಣು. ಕೋಟೆ, ಮಂಟಪ, ಕಂಬಗಳು, ಎಲ್ಲ ನಮ್ಮವು. ಐಹೊಳೆಯ ಹುಡುಗನಿಗೆ ಇದನ್ನ ತೋರಿಸಿದರೆ 'ಇದು ನಮ್ಮೂರ ದುರ್ಗದ ಗುಡಿಯಾಗಿನ ಮಹಿಷಮರ್ದಿನಿ' ಅಂದುಬಿಡ್ತಾನೆ. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಮೊದಲ ಪ್ರಯತ್ನಗಳಿಗೆ ಇರೋ ಪ್ರಶಸ್ತಿಗೆ ನಾಮನಿರ್ದೇಶನ ಆಯ್ತು. ಆಡಿದವರು ಬಾಯ್ತುಂಬ ಹೊಗಳಿದರು, ಚಿತ್ರಕ್ಕೆ, ಸಂಗೀತಕ್ಕೆ. ಆದರೆ ಬಹಳ ಜನರ ದೂರು ಏನು? ಐದಾರು ಗಂಟೆಯಲ್ಲಿ ಮುಗೀತು ಅನ್ನೋದಕ್ಕಿಂತ, ಕಥೆ ಇನ್ನೂ ಇದೆ ಅನ್ನೋವಾಗ ತಟ್ಟನೆ ನಿಂತಿತು ಅನ್ನೋದು.

ನೋಡಿ, ಗಿಡ್ಡ ಬೇರೆ, ಅರ್ಧ ಬೇರೆ. 'ಬ್ರದರ್ಸ್' ಗಿಡ್ಡ, ಆದರೆ ಪೂರ್ತಿ. 'ರಾಜಿ' ಅದಕ್ಕಿಂತ ಉದ್ದ, ಆದರೆ ಆಡಿದವರಿಗೆ ಅರ್ಧ ಅನ್ನಿಸಿತು. ಇದನ್ನ ನಾನು ಹೀಗಳೆಯೋದಕ್ಕೆ ಹೇಳ್ತಿಲ್ಲ. ಹಠ ಹಿಡಿದು ಮಾಡಿದ ಆಟ ಅದು. ಇನ್ನಷ್ಟು ಬೇಕು ಅಂತ ಜನ ಕೇಳಿದ್ದಾರೆ ಅಂದ್ರೆ ಅದೂ ಒಂದು ಪ್ರಶಸ್ತಿಯೇ. ಆದರೆ ಆಡೋರ ಅಭಿಪ್ರಾಯ ಎಷ್ಟು ಸೂಕ್ಷ್ಮ ಇದೆ ನೋಡಿ. ನಾವು ತಿಳ್ಕೊಂಡ ಹಾಗೆ ಅವರು ಕಣ್ಣು ಕಟ್ಕೊಂಡು ಬಟನ್ ಒತ್ತೋರಲ್ಲ. ಕಥೆ ಎಲ್ಲಿ ಹದ ತಪ್ಪಿತು, ಎಲ್ಲಿ ಕೂಡಿತು ಅಂತ ಅಳೆದು ಹೇಳ್ತಾರೆ.

ಇನ್ನೊಂದು ಟೀಕೆ ಇದೆ. ಬೇಕಂತಲೇ ಅಳಿಸ್ತಾರೆ, ಕಣ್ಣೀರಿನ ವ್ಯಾಪಾರ ಅಂತ. ಈ ಮಾತನ್ನ ಉತ್ತರ ಕರ್ನಾಟಕದವರ ಮುಂದೆ ಹೇಳಿ ನೋಡೋಣ! ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ಸಾಲಾಗಿ ನಾಟಕ ಕಂಪನಿಗಳ ತಂಬು. ಅಳಿಸ್ತಾರೆ ಅಂತ ಗೊತ್ತಿದ್ದೇ ಜನ ಟಿಕೆಟ್ ತಗೋತಾರೆ. ಅತ್ತು, ಹೊರಗೆ ಬಂದು ಮಿರ್ಚಿ ಭಜಿ ತಿಂದು, ಮರುದಿನ ಇನ್ನೊಂದು ತಂಬಿಗೆ ಹೋಗ್ತಾರೆ. ಶ್ರೀಕೃಷ್ಣ ಪಾರಿಜಾತವನ್ನ ಬೆಳತನಕ ಕೂತು ನೋಡೋ ಜನ ಅವರು. ಗೋವಿನ ಹಾಡು ಎಷ್ಟು ಉದ್ದ ಇದೆ? ಅದನ್ನ ಕೇಳಿ ಅಳದೇ ದೊಡ್ಡವನಾದ ಕನ್ನಡಿಗ ಇದ್ದಾನಾ? ಕಣ್ಣೀರು ಬರಿಸೋದು ತಪ್ಪಲ್ಲ. ಬರಿಸಿದ ಕಣ್ಣೀರಿಗೆ ಕಾರಣ ಇತ್ತಾ ಅನ್ನೋದು ಪ್ರಶ್ನೆ. ಐಹೊಳೆಯ ಆ ಮನೆಯಲ್ಲಿ ಆ ತಾಯಿ ಅಳಲಿಲ್ಲ. ಫೋನ್ ಮಾಡಿದರು. ಕಾರಣ ಇತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಡ.

ಈಗ ಕೆಲವರು ಕೇಳ್ತೀರಿ. ಹಾಗಾದ್ರೆ ಗೇಮ್ ಎಲ್ಲ ಒಳ್ಳೇದಾ? ನೀವು ಪ್ಲೇಟ್ ಬದಲಾಯಿಸಿದ್ರಾ? ಇಲ್ಲ ಸ್ವಾಮಿ. ಚಟ ನಿಜ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ನಮ್ಮ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇಂಥ ಚಟಗಳಿಗೆ 'ಶಟ್' ಅನ್ನೋ ಕ್ಲಿನಿಕ್ ಇದೆ. ಮಗು ಊಟ ನಿದ್ದೆ ಬಿಟ್ಟರೆ, ಓದು ಬಿಟ್ಟರೆ, ಕಸ್ಕೊಂಡಾಗ ಮೈಮೇಲೆ ಬಂದರೆ, ದಯವಿಟ್ಟು ಅಲ್ಲಿಗೆ ಕರ್ಕೊಂಡು ಹೋಗಿ. ದುಡ್ಡಿನ ಆಟಗಳ ವಿಷಯದಲ್ಲಿ ನನ್ನ ಮಾತು ಒಂದಕ್ಷರ ಬದಲಾಗಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೂಡ ಏನು ಮಾಡಿದೆ? ದುಡ್ಡು ಕಟ್ಟಿ ಆಡೋದನ್ನ ಬೇರೆ ಇಟ್ಟಿದೆ, ಇ-ಸ್ಪೋರ್ಟ್ಸ್ ಮತ್ತು ಉಳಿದ ಆಟಗಳನ್ನ ಬೇರೆ ಇಟ್ಟಿದೆ. ಕಾನೂನಿಗೇ ಗೊತ್ತಿರೋ ವ್ಯತ್ಯಾಸ ಸುದ್ದಿ ಓದೋ ನನಗೆ ಗೊತ್ತಿರಬಾರದಾ?

ಇಸ್ಪೀಟೂ ಆಟವೇ, ಕಬಡ್ಡಿಯೂ ಆಟವೇ. ಎರಡಕ್ಕೂ ಒಂದೇ ಶಬ್ದ ಅಂತ ಕಬಡ್ಡಿ ಆಡೋ ಹುಡುಗನನ್ನ ಪೊಲೀಸ್ ಸ್ಟೇಷನ್‌ಗೆ ಎಳ್ಕೊಂಡು ಹೋಗ್ತೀವಾ?

ನನಗೆ ಕಾಡೋದು ಇನ್ನೊಂದು ವಿಷಯ. ಗೇಮ್, ಅನಿಮೇಷನ್ ಉದ್ಯಮಕ್ಕಂತಲೇ ದೇಶದಲ್ಲಿ ಮೊದಲು ನೀತಿ ಮಾಡಿದ ರಾಜ್ಯ ನಮ್ಮದು, 2012ರಲ್ಲಿ. ಬೆಂಗಳೂರಿನಲ್ಲಿ ಕೂತು ನಮ್ಮ ಹುಡುಗರು ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಚಿತ್ರ ಬರೀತಾರೆ, ಕೋಡ್ ಬರೀತಾರೆ. ಮಲಪ್ರಭೆ ಇದೆ, ಕೊಡಲಿ ತೊಳೆದ ಕಥೆ ಇದೆ, ತಾಯಿ ರೇಣುಕೆಯ ಕಥೆ ಇದೆ. ಐಹೊಳೆಯ ಐನೂರ್ವರು ಅಂತ ಈ ಊರಿನ ಹೆಸರು ಹೊತ್ತ ವರ್ತಕರು ಸಮುದ್ರ ದಾಟಿದ ಕಥೆ ಇದೆ. ಮೂರೇ ತಾಸಿನ ಆಟ ಸಾಕು. ನೂರು ತಾಸು ಬೇಡ. ಅರ್ಧಕ್ಕೆ ನಿಲ್ಲಿಸಬೇಡಿ, ಅಷ್ಟೇ. ಮಾಡೋರು ಯಾರಾದ್ರೂ ಈ ಮಾತು ಕೇಳಿಸ್ಕೊಳ್ತಿದ್ರೆ, ಐಹೊಳೆಯಲ್ಲಿ ಒಬ್ಬ ಹುಡುಗ ಇದ್ದಾನೆ. ಐತವಾರ ಮಾತ್ರ ಆಡ್ತಾನೆ. ಆದರೆ ತೂಕ ಹಾಕಿ ಹೇಳ್ತಾನೆ.

ಕೊನೇದಾಗಿ, ನಾನು ಹೇಳಿದ್ದ ಆ ಮಾತು. 'ಕಿತ್ತುಕೊಳ್ಳಿ, ಆಮೇಲೆ ಮಾತಾಡಿ.' ಅದನ್ನ ಇವತ್ತು ಇದೇ ಕುರ್ಚಿಯಿಂದ ವಾಪಸ್ ತಗೋತೀನಿ. ಮೊದಲು ಪಕ್ಕದಲ್ಲಿ ಕೂತ್ಕೊಳ್ಳಿ. ಒಂದೇ ಒಂದು ಸಲ. 'ಇದು ಯಾವ ಆಟ, ಏನು ಕಥೆ, ಇವನ್ಯಾರು?' ಅಂತ ಕೇಳಿ. ಉತ್ತರದಲ್ಲಿ ದುಡ್ಡು, ಸಾಲ, ಸುಳ್ಳು ಕಾಣಿಸಿದರೆ ಆಗ ಕಿತ್ತುಕೊಳ್ಳಿ, ನಾನೇ ನಿಮ್ಮ ಜೊತೆ ಬರ್ತೀನಿ. ಉತ್ತರದಲ್ಲಿ ಒಬ್ಬ ಅಣ್ಣ ಸಿಕ್ಕಿದರೆ, ಸ್ವಲ್ಪ ಜರುಗಿ ಜಾಗ ಮಾಡ್ಕೊಂಡು ಜಾಯ್‌ಸ್ಟಿಕ್‌ನ ಇನ್ನೊಂದು ಅರ್ಧ ನೀವು ಹಿಡ್ಕೊಳ್ಳಿ.

ನಾಳೆಯಿಂದ ಮತ್ತೆ ರಾಜಕೀಯ ಇದ್ದೇ ಇದೆ.